ಅಡುಗೆಮನೆ ಕಿಟಕಿ: ಐದನೇ ನಂಬರು

"ಚೀಲ ಅಲ್ಲಾಡಿಸಬೇಡಿ ಭಾಗ್ಯಕ್ಕ, ಒಳಗೆ ಇರುವೆ ಇವೆ," ಎಂದಳು ರಂಜಿತ.

ಹೇಳುವಷ್ಟರಲ್ಲಿ ಭಾಗ್ಯಲಕ್ಷ್ಮಿ ಚೀಲವನ್ನು ಟೇಬಲ್ಲಿನ ಮೇಲೆ ಬೋರಲು ಹಾಕಿಯಾಗಿತ್ತು. ಒಂದು ಬಾಚಣಿಗೆ, ಒಂದು ಕರವಸ್ತ್ರ, ಮಳವಳ್ಳಿಯ ಎರಡು ಹಳೇ ಬಸ್ ಟಿಕೆಟ್. ಅವುಗಳ ಹಿಂದೆಯೇ ಸಾಲುಗಟ್ಟಿ ಹೊರಬಂದ ಕೆಂಪಿರುವೆಗಳು.

"ನಿಮ್ಮಮ್ಮ ಚೀಲದಲ್ಲಿ ಸಿಹಿ ಇಟ್ಕೊಳ್ತಿದ್ರಾ?"

"ಅಮ್ಮ ಸಿಹಿ ಮುಟ್ಟಲ್ಲ. ಕಾಫಿಗೂ ಸಕ್ಕರೆ ಹಾಕ್ಕೊಳ್ಳಲ್ಲ. ಆದ್ರೂ ಈ ಚೀಲದಲ್ಲಿ ಮೂರು ವರ್ಷದಿಂದ ಇರುವೆ. ಎಷ್ಟು ಸಲ ಒಗೆದು ಹಾಕಿದ್ದೀನಿ."

ಭಾಗ್ಯಲಕ್ಷ್ಮಿ ಒಂದು ಇರುವೆಯನ್ನು ಬೆರಳ ತುದಿಗೆ ಹತ್ತಿಸಿಕೊಂಡು ಅದು ಹೋಗುವ ದಾರಿ ನೋಡಿದಳು.

ರಂಜಿತಳ ತಾಯಿ ಚಿಕ್ಕನಂಜಮ್ಮ ಮನೆ ಬಿಟ್ಟು ಹನ್ನೆರಡು ದಿನವಾಗಿತ್ತು. ಗಿರಣಿಗೆ ಹೋಗಿಬರುತ್ತೇನೆಂದು ಹೊರಟವಳು ರಾಗಿಹಿಟ್ಟಿನ ಡಬ್ಬದಲ್ಲಿ ಎರಡು ಚೀಟಿ ಬಿಟ್ಟಿದ್ದಳು. ಒಂದರಲ್ಲಿ, "ಹತ್ತು ದಿನ ನನ್ನನ್ನು ಹುಡುಕಬೇಡಿ. ದೋಸೆ ಹಿಟ್ಟು ಫ್ರಿಜ್ಜಿನಲ್ಲಿದೆ." ಇನ್ನೊಂದರಲ್ಲಿ ಐದು ನಂಬರು. ನಾಲ್ಕರ ಮುಂದೆ ಪ್ರಾಣಿ ಪಕ್ಷಿಗಳ ಹೆಸರು: ನೀರುನಾಯಿ, ಮಿಂಚುಳ್ಳಿ, ಕೆಂಬೂತ, ಗೀಜಗ. ಐದನೆಯದರ ಮುಂದೆ ಏನೂ ಇಲ್ಲ.

ಹತ್ತು ದಿನ ಭಾನುವಾರಕ್ಕೆ ಮುಗಿದಿತ್ತು. ಇವತ್ತು ಮಂಗಳವಾರ. ಶುಕ್ರವಾರ ಬೆಳಿಗ್ಗೆ ಒಂಬತ್ತಕ್ಕೆ ರಂಜಿತಳ ಸೀಮಂತ.

"ಅಮ್ಮ ಬಳೆ ತೊಡಿಸದೆ ನಾನು ಹಸೆಗೆ ಕೂರಲ್ಲ," ಎಂದಳು ರಂಜಿತ. ಇದನ್ನು ಅವಳು ಬೆಳಗಿನಿಂದ ಮೂರನೇ ಸಲ ಹೇಳುತ್ತಿದ್ದಳು. ಏಳು ತಿಂಗಳ ಹೊಟ್ಟೆಯ ಮೇಲೆ ಎರಡೂ ಕೈ ಇಟ್ಟುಕೊಂಡು ಹೇಳುವಾಗ ಅದು ಹಟದ ಹಾಗೆ ಕೇಳಲಿಲ್ಲ, ಹಸಿವಿನ ಹಾಗೆ ಕೇಳಿತು.

"ಬತ್ತಾಳೆ ಬುಡು," ಎಂಬ ದನಿ ನಡುಮನೆಯಿಂದ ಬಂತು. "ಅದ್ಕೆ ಪತ್ತೇದಾರರನ್ನ ಕರ್ಸೋದೇನಿತ್ತು?"

ರಂಜಿತಳ ಅಪ್ಪ ನಾಗೇಶ್. ಮೂವತ್ತು ವರ್ಷ ಲೈನ್‌ಮ್ಯಾನ್ ಆಗಿ ಮಂಡ್ಯದ ಕಂಬಗಳನ್ನೆಲ್ಲ ಹತ್ತಿ ಇಳಿದ ಮನುಷ್ಯ. ದಸರೆಯಲ್ಲಿ ಮಂಡಿ ಆಪರೇಷನ್ ಆದಮೇಲೆ ಮನೆಯ ಎರಡು ಮೆಟ್ಟಿಲಿಗೂ ಗೋಡೆ ಹಿಡಿಯುತ್ತಿದ್ದ. ನೀಲಿ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕಾಲು ಚಾಚಿ ಪೇಪರ್ ಓದುತ್ತಿದ್ದವನು ಭಾಗ್ಯಲಕ್ಷ್ಮಿ ಬಾಗಿಲ ಮೇಲಿನ ಫೋಟೋ ನೋಡುತ್ತ ನಿಂತದ್ದನ್ನು ಕಂಡು ತಲೆ ಎತ್ತಿದ.

"ಆ ಗೂಡು ಮುಟ್ಟಬ್ಯಾಡಿ ಕಣಮ್ಮ."

ಅದು ರಂಜಿತಳ ಮದುವೆ ಫೋಟೋ. ಚೌಕಟ್ಟು ಕಟ್ಟಿದವಳು, ಫೋಟೋ ನೋಡಿಯೇ ಕಳೆದದ್ದನ್ನು ಪತ್ತೆ ಮಾಡುವವಳೆಂದು ಹೆಸರಾದ ಭಾಗ್ಯಲಕ್ಷ್ಮಿಯೇ. ಮದ್ದೂರಿನ ತನ್ನ ಸ್ಟುಡಿಯೋದಲ್ಲಿ ಎಡಗಡೆಯ ಮೂಲೆ ಕೂಡಿಸುವಾಗ ಕೂದಲೆಳೆಯಷ್ಟು ಸಂದು ಬಿಟ್ಟುಹೋಗಿ, ಅದಕ್ಕೆ ಚಿನ್ನದ ಬಣ್ಣ ಬಳಿದು ಮುಚ್ಚಿದ್ದಳು. ಈಗ ಆ ಮೂಲೆಗೇ ಕುಂಬಾರ ಹುಳ ಮಣ್ಣಿನ ಗೂಡು ಕಟ್ಟಿತ್ತು. ಮೂರು ಕೋಣೆ. ಮೂರಕ್ಕೂ ಬಾಯಿ ಮುಚ್ಚಿತ್ತು.

"ಈ ಹುಳ ಒಳಕ್ಕೆ ಬಂದು ಗೂಡು ಕಟ್ಟುದ್ರೆ ಮನೇಲಿ ಮಗು ಆಡ್ತದೆ ಅಂತ ನಮ್ಮವ್ವ ಹೇಳೋಳು. ಎರಿಗೆ ಆಗೋ ಗಂಟ ಯಾರೂ ಕೆಡವಂಗಿಲ್ಲ," ಎಂದ ನಾಗೇಶ್.

ಫೋಟೋದಲ್ಲಿ ವಧುವಿನ ಪಕ್ಕ ಚಿಕ್ಕನಂಜಮ್ಮ ತುಟಿ ಬಿಗಿದು ನಿಂತಿದ್ದಳು. ಭಾಗ್ಯಲಕ್ಷ್ಮಿ ಅವಳನ್ನು ಬಲ್ಲದ್ದು ಇಷ್ಟೇ. ಚೌಕಟ್ಟು ಹಾಕಿಸಲು ಅಪ್ಪ ಮಗಳು ಬಂದಿದ್ದರು, ಆಕೆ ಬಂದಿರಲಿಲ್ಲ.

*

"ಇಷ್ಟು ದಿನ ನಾವು ನಂಬರು ಹುಡುಕಿದ್ವಿ," ಎಂದು ಭಾಗ್ಯಲಕ್ಷ್ಮಿ ರಂಜಿತಳ ಲ್ಯಾಪ್‌ಟಾಪ್ ಮುಂದೆ ಕೂತಳು. "ಫೋನಲ್ಲ, ಲಾಟರಿಯಲ್ಲ. ಇವತ್ತು ಪ್ರಾಣಿ ಹುಡುಕೋಣ."

"ನೀರುನಾಯಿ, ಮಂಡ್ಯ ಜಿಲ್ಲೆ" ಎಂದು ಬರೆದು ಒತ್ತಿದಳು. ಸುದ್ದಿಗಳು, ವಿಡಿಯೋಗಳು ಬಂದವು. ಎರಡನೇ ಪುಟದ ಕೊನೆಯಲ್ಲಿ "ಸುತ್ತಮುತ್ತ" ಎಂಬ ಜಾಲತಾಣವಿತ್ತು. ತಾನು ಕಂಡ ಹಕ್ಕಿ, ಹುಳ, ಗಿಡದ ಫೋಟೋವನ್ನು ಯಾರು ಬೇಕಾದರೂ ದಿನಾಂಕದ ಸಮೇತ ಅಲ್ಲಿ ಹಾಕಬಹುದು. ತಿಳಿದವರು ಹೆಸರು ಸರಿಯೋ ತಪ್ಪೋ ಎಂದು ಹೇಳುತ್ತಾರೆ. ಪ್ರತಿ ಫೋಟೋಗೂ ಒಂದು ದಾಖಲೆ ನಂಬರು.

"ನೀರುನಾಯಿ. ದಾಖಲೆ ನಂಬರು 418206," ಎಂದು ರಂಜಿತ ಓದಿದಳು. ಚೀಟಿ ನೋಡಿದಳು. ಮತ್ತೆ ಪರದೆ ನೋಡಿದಳು. "ಭಾಗ್ಯಕ್ಕ, ಇದೇ."

ಉಳಿದ ಮೂರು ನಂಬರುಗಳೂ ಅಲ್ಲೇ ಸಿಕ್ಕವು. ಐದನೆಯದನ್ನು ಹಾಕಿದಾಗ ಮಾತ್ರ, "ಈ ದಾಖಲೆಯನ್ನು ಹಾಕಿದವರು ಇನ್ನೂ ತೆರೆದಿಲ್ಲ" ಎಂದು ಬಂತು.

ನಾಲ್ಕನ್ನೂ ಹಾಕಿದವರು ಒಬ್ಬರೇ. ಹೆಸರು, "ಅಡುಗೆಮನೆ ಕಿಟಕಿ". ಮೂರು ವರ್ಷದಲ್ಲಿ ಸಾವಿರದ ಮುನ್ನೂರ ಹನ್ನೆರಡು ದಾಖಲೆ.

ಮೊದಲನೆಯದು ಇದೇ ಮನೆಯ ಕಿಟಕಿಯಿಂದ ತೆಗೆದದ್ದು. ಕರಿಬೇವಿನ ಗಿಡದಲ್ಲಿ ಹೆಬ್ಬೆರಳಿನಷ್ಟು ಹಕ್ಕಿ. ಕೆಳಗೆ ಬರೆದಿತ್ತು: "ಹೆಸರು ಗೊತ್ತಿಲ್ಲ. ಕುಕ್ಕರ್ ಮೂರನೇ ಸಲ ಕೂಗಿದಾಗ ಹಾರಿಹೋಯಿತು."

ಇನ್ನೊಂದು: "ಇವತ್ತು ಸಾರು ಸೀದಿತು. ಆದರೆ ಮಿಂಚುಳ್ಳಿ ಸಿಕ್ಕಿತು."

ರಂಜಿತ ಬಾಯಿಗೆ ಕೈ ಇಟ್ಟುಕೊಂಡಳು. "ಆ ಸಾರು ನನಗೆ ನೆನಪಿದೆ. ತಟ್ಟೆ ತಳ್ಳಿ ಎದ್ದುಹೋಗಿದ್ದೆ. ಅಮ್ಮ ಏನೂ ಅನ್ನಲಿಲ್ಲ, ಸುಮ್ನೆ ನಗ್ತಿದ್ರು. ನಾನು ತಲೆ ಕೆಟ್ಟಿದೆ ಅಂದ್ಕೊಂಡೆ."

ಭಾಗ್ಯಲಕ್ಷ್ಮಿ ಒಂದೊಂದಾಗಿ ಓದುತ್ತ ಹೋದಳು. ಹೆಂಗಸರ ಗುಟ್ಟು ಎಂದರೆ ದುಃಖವೇ ಇರಬೇಕು ಎಂದು ಜನ ಏಕೆ ಅಂದುಕೊಳ್ಳುತ್ತಾರೋ. ಇಲ್ಲಿ ಒಬ್ಬಳು ಮೂರು ವರ್ಷ ತನ್ನ ಖುಷಿಯನ್ನು ಬಚ್ಚಿಟ್ಟಿದ್ದಳು. ಒಲೆ ಮುಂದೆ ನಿಂತು, ಪಾತ್ರೆ ತೊಳೆದು, ಮಾತ್ರೆ ನೆನಪು ಮಾಡಿ, ಅದರ ನಡುವೆಯೇ ಸಾವಿರದ ಮುನ್ನೂರು ಸಲ ಅಚ್ಚರಿಪಟ್ಟಿದ್ದಳು.

"ಇದೇನು ಪ್ರತಿ ಹುಳದ ಪಕ್ಕ ಒಂದು ಅಚ್ಚುಬೆಲ್ಲ?" ಎಂದಳು ರಂಜಿತ.

ಸಣ್ಣ ಜೀವಿಯ ಅಳತೆ ತಿಳಿಯಲು ಪಕ್ಕದಲ್ಲಿ ಏನಾದರೂ ಇಟ್ಟು ಫೋಟೋ ತೆಗೆಯುವುದು ಅಲ್ಲಿಯ ಪದ್ಧತಿ. ಉಳಿದವರು ಪೆನ್ನು, ನಾಣ್ಯ ಇಡುತ್ತಿದ್ದರು. ಚಿಕ್ಕನಂಜಮ್ಮ ಬೆಲ್ಲ ಇಟ್ಟಿದ್ದಳು. ಹೊಲದ ಕಡೆ ಹೊರಟರೆ ಸೆರಗಿನಲ್ಲೊಂದು ತುಂಡು ಬೆಲ್ಲ, ಕೈಯಲ್ಲೊಂದು ಚೊಂಬು ನೀರು ಇಟ್ಟುಕೊಂಡೇ ಬೆಳೆದ ಹೆಂಗಸು. ಫೋಟೋಗಳ ತುಂಬ ಇರುವೆ.

ಇದಕ್ಕೆ ಒಬ್ಬ ತಕರಾರು ತೆಗೆದಿದ್ದ. "ಹಳೇ ಕಾಗೆ" ಎಂದು ಹೆಸರಿಟ್ಟುಕೊಂಡವನು. "ಹುಳಕ್ಕಿಂತ ಇರುವೆಯೇ ಜಾಸ್ತಿ ಕಾಣ್ತಿವೆ. ರೂಪಾಯಿ ಇಡು."

ಅವಳ ಉತ್ತರ: "ರೂಪಾಯಿ ಬಾಯಿಗೆ ಹಾಕ್ಕೊಳ್ಳೋಕಾಗಲ್ಲ."

ಇನ್ನೊಂದು ಕಡೆ ಅವನು, "ಫೋಟೋ ಅಲ್ಲಾಡಿದೆ. ಕೈ ನಡುಗಿತಾ?" ಎಂದು ಕೇಳಿದ್ದ. ಅವಳು, "ಖುಷಿಗೆ" ಎಂದಿದ್ದಳು.

ಸಾವಿರದ ಮುನ್ನೂರು ಫೋಟೋಗಳಿಗೂ ಎಲ್ಲರಿಗಿಂತ ಮೊದಲು ಹೆಸರು ಹೇಳಿದವನು ಅವನೇ. ಫೋಟೋ ಬಂದ ಎರಡು ಮೂರು ನಿಮಿಷಕ್ಕೆಲ್ಲ "ಸರಿ ಇದೆ" ಎಂಬ ಅವನ ಮಾತು ಕೆಳಗೆ ಬಿದ್ದಿರುತ್ತಿತ್ತು.

ರಂಜಿತಳ ಮುಖ ಕೆಂಪಾಯಿತು. ನಡುಮನೆ ಕಡೆ ಕಣ್ಣು ಹಾಯಿಸಿ ದನಿ ತಗ್ಗಿಸಿದಳು. "ಯಾರಿವನು, ಅಮ್ಮನ್ನ ಹೋಗು ಬಾ ಅಂತ ಮಾತಾಡಿಸ್ತಾನೆ? ಅಮ್ಮ ಇವನ ಜೊತೆ..."

"ಜೊತೆ ಏನು? ಹಕ್ಕಿ ನೋಡೋಕೆ ಹೋದ್ರಾ?"

"ನಗಬೇಡಿ ಭಾಗ್ಯಕ್ಕ. ಅಪ್ಪನಿಗೆ ಗೊತ್ತಾದ್ರೆ ಎದೆ ಒಡ್ಕೊಳ್ತಾರೆ."

ನಡುಮನೆಯಲ್ಲಿ ಪೇಪರ್ ಮಗುಚಿದ ಸದ್ದಾಯಿತು.

*

ಜಾಗ ಮಾತ್ರ ಎಲ್ಲೂ ಇರಲಿಲ್ಲ. ನೀರುನಾಯಿಯಂಥವು ಇರುವ ಕಡೆ ತಿಳಿದರೆ ತೊಂದರೆ ಕೊಡುವವರೂ ಬರುತ್ತಾರೆ, ಅದಕ್ಕೆ ಜಾಗ ಮರೆಮಾಡುವ ಸೌಲಭ್ಯ ಅಲ್ಲಿತ್ತು. ನಕಾಶೆಯಲ್ಲಿ ಅರ್ಧ ಮಳವಳ್ಳಿ ತಾಲ್ಲೂಕನ್ನು ಮುಚ್ಚುವ ಒಂದು ಮಸುಕು ಚೌಕ ಅಷ್ಟೆ.

ಭಾಗ್ಯಲಕ್ಷ್ಮಿ ನೀರುನಾಯಿಯನ್ನು ಬಿಟ್ಟು ಅದು ಕೂತಿದ್ದ ಬಂಡೆಯನ್ನು ನೋಡಿದಳು. ಬಂಡೆಯ ಮೇಲೆ ರಂಗೋಲಿ ಎಳೆ ಎಳೆದ ಹಾಗೆ ಎರಡು ಬಿಳಿ ಗೆರೆ. ಎಲ್ಲೋ ನೋಡಿದ ಹಾಗಿತ್ತು.

ಅದೇ ಚೌಕದೊಳಗೆ ಬೇರೆಯವರು ಹಾಕಿದ್ದನ್ನೆಲ್ಲ ಹುಡುಕಿದಳು. ಚಿಟ್ಟೆ, ಕೊಕ್ಕರೆ, ಕೋತಿ. ನಲವತ್ತಮೂರನೆಯದು ಯಾರೋ ಪ್ರವಾಸಿ ತೆಗೆದ ಚಿಟ್ಟೆ. ಅದರ ಹಿಂದೆ ಅದೇ ಬಂಡೆ, ಅದೇ ಬಿಳಿ ಗೆರೆ. ಆ ಪುಣ್ಯಾತ್ಮ ಜಾಗ ಮರೆಮಾಡಿರಲಿಲ್ಲ.

"ಮುತ್ತತ್ತಿ," ಎಂದಳು ರಂಜಿತ. "ನೀವು ಹೋಗಿದ್ದೀರಾ?"

"ಒಂದೇ ಒಂದು ಸಲ. ಬಹಳ ಹಿಂದೆ."

ಇನ್ನೂ ಒಂದು ಇತ್ತು. ಮೊದಲಿನ ಫೋಟೋಗಳ ಬೆಲ್ಲ ಅಂಗಡಿಯದು, ಒಂದೊಂದು ಸಲ ಒಂದೊಂದು ತರಹ. ಮನೆ ಬಿಟ್ಟ ಮೇಲಿನ ಎಲ್ಲ ಫೋಟೋಗಳಲ್ಲೂ ಒಂದೇ ತರಹದ ಅಚ್ಚು, ಅಂಚಿನಲ್ಲಿ ಕಡಲೆಕಾಳಿನಷ್ಟು ಉಬ್ಬಿದ ಗುಬುಟು. ಅಚ್ಚಿನ ಮಣೆ ಅಲ್ಲಿ ಚಕ್ಕೆ ಎದ್ದಿರಬೇಕು.

"ಈ ಹನ್ನೆರಡು ದಿನ ನಿಮ್ಮಮ್ಮ ಒಂದೇ ಆಲೆಮನೆ ಬೆಲ್ಲ ತಿಂದಿದ್ದಾರೆ," ಎಂದು ಭಾಗ್ಯಲಕ್ಷ್ಮಿ ಕಾರಿನ ಕೀಲಿ ತೆಗೆದುಕೊಂಡಳು. ಗಡಿಯಾರ ಒಂಬತ್ತೂವರೆ ತೋರಿಸುತ್ತಿತ್ತು.

"ನಾನೂ ಬರ್ತೀನಿ."

"ನಿಧಾನಕ್ಕೆ ಓಗಿ ಬನ್ನಿ. ಅವಸರ ಏನಿಲ್ಲ. ಸಂಜೆ ಮಾಡ್ಕೊಂಡೇ ಬನ್ನಿ," ಎಂದ ನಾಗೇಶ್. ಹೆಂಡತಿ ಕಾಣೆಯಾದ ಗಂಡಸಿನ ಮಾತಿನಂತೆ ಅದು ಕೇಳಿಸಲಿಲ್ಲ ಎಂದು ಭಾಗ್ಯಲಕ್ಷ್ಮಿಗೆ ಅನಿಸಿದ್ದು ಮದ್ದೂರು ದಾಟಿದ ಮೇಲೆ.

*

ಮದ್ದೂರಿನಲ್ಲಿ ವಡೆ ಕಟ್ಟಿಸಿಕೊಂಡ ರಂಜಿತ ಮಳವಳ್ಳಿ ಬರುವಷ್ಟರಲ್ಲಿ ನಾಲ್ಕನ್ನೂ ಮುಗಿಸಿ ನಿದ್ದೆ ಹೋದಳು. ಸಂಕ್ರಾಂತಿ ಮುಗಿದ ವಾರ. ಕಬ್ಬಿನ ಗಾಡಿಗಳ ಹಿಂದೆ ಕಾರು ತೆವಳುತ್ತಿತ್ತು.

ಭಾಗ್ಯಲಕ್ಷ್ಮಿಗೂ ಚಿಕ್ಕನಂಜಮ್ಮನ ಹಾಗೆ ಬಚ್ಚಿಟ್ಟ ಒಂದು ದಿನವಿತ್ತು. ಇಪ್ಪತ್ತೇಳು ವರ್ಷದ ಹಿಂದೆ. ಗಂಡ ಫಿಲ್ಮ್ ತರಲು ಮೈಸೂರಿಗೆ ಹೋಗಿದ್ದ. ಗದ್ದ ಮೇಲೆ, ಭುಜ ನೇರ, ಉಸಿರು ಹಿಡೀರಿ ಎಂದು ಹೇಳಿ ಹೇಳಿ ಸಾಕಾಗಿ, ಸ್ಟುಡಿಯೋ ಬಾಗಿಲಿಗೆ ಊಟದ ಬೋರ್ಡು ತಗುಲಿಸಿ, ಕ್ಯಾಮೆರಾ ಹೆಗಲಿಗೆ ಹಾಕಿಕೊಂಡು ಸಿಕ್ಕ ಬಸ್ಸು ಹತ್ತಿದ್ದಳು. ಒಂದು ರೋಲು ಪೂರ್ತಿ ಹೊಳೆ, ಬಂಡೆ, ಬೆಳಕು. ಕೊನೆಯ ಫೋಟೋ ಮಾತ್ರ ಒಬ್ಬ ಅಪರಿಚಿತ ಹೆಂಗಸಿನದು, ಆಕೆಯೇ ಕೇಳಿ ತೆಗೆಸಿಕೊಂಡದ್ದು. ಅದರ ಪ್ರತಿಯನ್ನು, ಹಿಂಬದಿಗೆ ಸ್ಟುಡಿಯೋ ಮೊಹರು ಒತ್ತಿ, ಆಕೆ ಬರೆದುಕೊಟ್ಟ ವಿಳಾಸಕ್ಕೆ ಅಂಚೆಯಲ್ಲಿ ಕಳಿಸಿ, ಉಳಿದದ್ದನ್ನು ಟ್ರಂಕಿನ ತಳಕ್ಕೆ ಹಾಕಿದ್ದಳು. ಗಂಡನಿಗೆ ಹೇಳಲಿಲ್ಲ. ಅವನು ಬೈಯುತ್ತಾನೆ ಎಂದಲ್ಲ. ಹೇಳಿದರೆ ಆ ದಿನ ಇಬ್ಬರದಾಗಿಬಿಡುತ್ತದೆ ಎಂದು.

ಲಕ್ಷ ಮುಖ ನೋಡಿದವಳಿಗೆ ಆ ಹೆಂಗಸಿನ ಮುಖ ಮರೆತಿತ್ತು. ನಗು ಮಾತ್ರ ನೆನಪಿತ್ತು.

ಹಲಗೂರಿನ ಅಂಗಡಿಯವಳು ಮೊಬೈಲಿನಲ್ಲಿದ್ದ ಬೆಲ್ಲದ ಫೋಟೋ ನೋಡಿದ ತಕ್ಷಣ ಹೇಳಿದಳು. "ಲಿಂಗಯ್ಯನ ಆಲೆಮನೇದು ಕಣಕ್ಕ. ಮಣೆ ಚಕ್ಕೆ ಎದ್ದು ಎರಡು ವರ್ಸ ಆಯ್ತು. ಇನ್ನೂ ಮಾಡಿಸ್ತಾನೆ, ಇನ್ನೂ ಮಾಡಿಸ್ತಾನೆ. ಮುತ್ತತ್ತಿ ರೋಡಲ್ಲಿ ಹೊಗೆ ಕಾಣ್ತದೆ, ಓಗಿ."

*

ಹೊಗೆ ಕಂಡಿತು. ಅದಕ್ಕೂ ಮುಂಚೆ ಕುದಿಯುವ ಕಬ್ಬಿನ ಹಾಲಿನ ವಾಸನೆ ಬಂತು. ಲಿಂಗಯ್ಯ ಕೊಪ್ಪರಿಗೆಯ ಮುಂದೆ ನಿಂತು ನೊರೆ ತೆಗೆಯುತ್ತಿದ್ದ. ಅವನ ಹೆಂಡತಿ ದೇವಿರ‍ಮ್ಮ ಅಚ್ಚಿನ ಮಣೆಗಳನ್ನು ತೊಳೆದು ಸಾಲಾಗಿ ಇಡುತ್ತಿದ್ದಳು.

"ಚಿಕ್ಕನಂಜಮ್ಮ ಅನ್ನೋರು ಇಲ್ಲಿದ್ದಾರಾ?" ಎಂದಳು ಭಾಗ್ಯಲಕ್ಷ್ಮಿ.

"ಯಾವ ಚಿಕ್ಕನಂಜಮ್ಮ? ಇಲ್ಲಿ ಯಾರೂ ಇಲ್ಲ," ಎಂದ ಲಿಂಗಯ್ಯ ತಲೆ ಎತ್ತದೆ. ಉತ್ತರ ತೀರ ಬೇಗ ಬಂತು.

"ಐವತ್ತು ದಾಟಿದೆ. ಕೈಯಲ್ಲಿ ಮೊಬೈಲು."

"ಮೊಬೈಲು ಯಾರ ಕೈಲಿಲ್ಲ? ನಮ್ ಎತ್ತಿಗೊಂದು ಇಲ್ಲ ಅಷ್ಟೇಯ. ಬೆಲ್ಲ ಬೇಕಾದ್ರೆ ತಗೊಳ್ಳಿ, ಇಲ್ದಿದ್ರೆ ಬಿಸಿ ತಾಕ್ತದೆ ಅತ್ತಗೆ ನಿಂತ್ಕಳಿ."

ಭಾಗ್ಯಲಕ್ಷ್ಮಿ ಅತ್ತ ನಿಲ್ಲಲಿಲ್ಲ. ತೊಳೆದಿಟ್ಟ ಮಣೆಗಳ ಮುಂದೆ ಕುಕ್ಕರಗಾಲಲ್ಲಿ ಕೂತು ಒಂದೊಂದೇ ಗುಳಿಗೆ ಬೆರಳು ಹಾಕಿ ನೋಡಿದಳು. ಮೂರನೇ ಮಣೆಯ ಕೊನೆಯ ಗುಳಿಯಲ್ಲಿ ಬೆರಳು ನಿಂತಿತು. ಮೊಬೈಲನ್ನು ಪಕ್ಕದಲ್ಲಿಟ್ಟಳು. ಫೋಟೋದಲ್ಲಿ ಗುಬುಟು, ಮಣೆಯಲ್ಲಿ ಚಕ್ಕೆ.

"ಈ ಬೆಲ್ಲ ಆಯಮ್ಮನ ಕೈಗೆ ಹೇಗೆ ಬಂತು ಲಿಂಗಯ್ಯನವರೇ? ಅದೂ ದಿನಾ?"

"ಮಣೆ ಮುರಿದಿರೋದು ತಪ್ಪಾ? ನಾಳೆನೇ ಮಾಡಿಸ್ತೀನಿ."

"ಎರಡು ವರ್ಸದಿಂದ ಅದೇ ನಾಳೆ," ಎಂದಳು ದೇವಿರ‍ಮ್ಮ.

"ನೀ ಬಾಯ್ ಮುಚ್ಕಳ್ಳೇ."

"ಯಾಕ್ ಮುಚ್ಕಳ್ಳಿ? ಬಸುರಿ ಎಂಗಸು ಬಿಸಿಲಲ್ಲಿ ನಿಂತವಳೆ, ಅವಳ ಎದುರ್ಗೆ ಸುಳ್ಳು ಹೇಳ್ತೀಯಲ್ಲ." ದೇವಿರ‍ಮ್ಮ ಕೈ ಒರೆಸಿಕೊಂಡು ಎದ್ದು ರಂಜಿತಳನ್ನು ಮೇಲಿಂದ ಕೆಳಗೆ ನೋಡಿದಳು. "ನೀನೇ ಅಲ್ವಾ ಮಗಳು? ಮೂಗು ಅಂಗೇ ಅದೆ. ಬಾ ಕಣವ್ವ, ನೆಳ್ಳಿಗೆ ಬಾ."

ಒಂದು ಚೊಂಬು ನೀರು, ತಟ್ಟೆಯಲ್ಲಿ ಬೆಲ್ಲ ಬಂತು. ಲಿಂಗಯ್ಯ ನೊರೆ ತೆಗೆಯುವ ಜಾಲರಿಯನ್ನು ಕೊಪ್ಪರಿಗೆಯ ಅಂಚಿಗೆ ಕುಟ್ಟಿ, ಸೋತವನ ಹಾಗೆ ಬಿಸಿ ಬೆಲ್ಲದ ಒಂದು ಉಂಡೆಯನ್ನೂ ಎಲೆಯಲ್ಲಿ ಕಳಿಸಿದ.

"ಹಿಂದ್ಗಡೆ ರೂಮಲ್ಲಿ ನನ್ ಜೊತೇಲೇ ಇದ್ಲು ಕಣವ್ವ," ಎಂದಳು ದೇವಿರ‍ಮ್ಮ. "ಬೆಳಕರಿತಿದ್ದಂಗೆ ಮೊದಲ ಬಸ್ಸಿಗೆ ಮುತ್ತತ್ತಿ, ಸಾಯಂಕಾಲ ವಾಪಸ್ಸು. ಗುಬುಟಿಂದು ಬೆಲ್ಲದ ಮಂಡೀಲಿ ತಗಳಲ್ಲ, ಅದ್ನೇ ಅವಳಿಗೆ ಕೊಡ್ತಿದ್ದೆ. ನೀರುನಾಯಿ ಮರಿ ಹಾಕ್ಯದಂತೆ. ಮರಿಗೆ ನೀರು ಕಂಡ್ರೆ ಭಯ ಅಂತೆ, ಗೊತ್ತಾ? ನೀರುನಾಯಿಗೇ ನೀರು ಭಯ. ತಾಯಿ ಕತ್ತು ಹಿಡ್ಕಂಡು ಎಳ್ಕಂಡೋಗಿ ಹೊಳೆಗೆ ಬುಡ್ತದಂತೆ. ಅದ್ ನೋಡ್ದಲೆ ಓಗಲ್ಲ ಅಂತ ಕೂತವ್ಳು. ನಿನ್ನೆ ನೋಡುದ್ಲು. ಬಂದು ನನ್ ಕೈ ಹಿಡ್ಕಂಡು ಕುಣುದ್ಲು, ಈ ವಯಸ್ನಲ್ಲಿ."

ರಂಜಿತ ಬೆಲ್ಲ ಬಾಯಿಗಿಟ್ಟವಳು ಅಗಿಯುವುದನ್ನು ಮರೆತಿದ್ದಳು. "ನನಗೇ ಹೇಳಬಹುದಿತ್ತು."

"ಹೇಳಿದ್ರೆ ಕಳಿಸ್ತಿದ್ರಾ? ಸೀಮಂತ ಇಟ್ಕಂಡು, ನೀರುನಾಯಿ ನೋಡ್ಕಂಡ್ ಬಾ ಅಂತ?"

ರಂಜಿತ ಬಾಯಲ್ಲಿದ್ದ ಬೆಲ್ಲವನ್ನು ನುಂಗಿದಳು.

"ಈಗ ಎಲ್ಲಿದ್ದಾರೆ?" ಎಂದಳು ಭಾಗ್ಯಲಕ್ಷ್ಮಿ.

"ಇವತ್ತು ನಸುಕಲ್ಲೇ ಮಳವಳ್ಳಿ ಕಡೆ ಬಸ್ಸಿಗೆ ಓದ್ಲು. ಇಲ್ಲಿದು ಆಯ್ತು ಕಣಕ್ಕ, ಇನ್ನೆರಡು ಬಾಕಿ ಅವೆ ಅಂದ್ಲು. ಬೆಲ್ಲ ಕಟ್ಟಿಸ್ಕಂಡ್ಲು."

"ಅವರನ್ನ ನೋಡೋಕೆ ಯಾರಾದ್ರೂ ಬಂದಿದ್ರಾ?"

ದೇವಿರ‍ಮ್ಮ ಗಂಡನ ಮುಖ ನೋಡಿದಳು. ಅವನು ಕೊಪ್ಪರಿಗೆ ನೋಡಿದ.

"ಭಾನುವಾರ ಒಬ್ಬ ಗಂಡಸು ಬಂದಿದ್ದ ಕಣವ್ವ. ಸ್ಕೂಟ್ರಲ್ಲಿ. ಎಲ್ಮೆಟ್ಟೇ ತೆಗೀಲಿಲ್ಲ. ಮಾತ್ರೆ ತಂದ್ಕೊಟ್ಟ. ಚಾಪೆ ಹಾಕಿದ್ರೆ ಕೂರಲಿಲ್ಲ, ಸ್ಟೂಲ್ ಕೊಡಿ ಅಂದ. ಇಬ್ರೂ ಮೊಬೈಲ್ ನೋಡ್ಕಂಡು ನಗ್ತಾ ಕೂತಿದ್ರು."

"ಹಳೇ ಕಾಗೆ," ಎಂದಳು ರಂಜಿತ, ಬೆಲ್ಲದ ತಟ್ಟೆ ಪಕ್ಕಕ್ಕೆ ಸರಿಸಿ. "ಅಪ್ಪ ಭಾನುವಾರ ಪಾಪ ಮಂಡಿ ತೋರಿಸೋಕೆ ಒಬ್ಬರೇ ಆಸ್ಪತ್ರೆಗೆ ಹೋಗಿದ್ರು. ಇಲ್ಲಿ ಇವನು."

ಭಾಗ್ಯಲಕ್ಷ್ಮಿ ತುಟಿ ಕಚ್ಚಿ ನಗು ತಡೆದಳು. ಅನುಮಾನವನ್ನು ಪಾಕದ ಹಾಗೆ ಹದ ಬರುವ ಮುಂಚೆ ಇಳಿಸಬಾರದು.

*

ಆಲೆಮನೆಯ ಹಿಂದಿನ ಹೊಂಗೆ ಮರದ ಕೆಳಗೆ ಕೂತು ಅವಳು ಮತ್ತೆ "ಸುತ್ತಮುತ್ತ" ತೆರೆದಳು. "ಅಡುಗೆಮನೆ ಕಿಟಕಿ"ಯ ಲೆಕ್ಕ ಈಗ ಸಾವಿರದ ಮುನ್ನೂರ ಹದಿಮೂರು. ಹೊಸದು ಬಂದು ಹತ್ತು ನಿಮಿಷವಾಗಿತ್ತು.

ಮಣ್ಣಿನ ಗೂಡು. ಪಕ್ಕದಲ್ಲಿ ಗುಬುಟಿನ ಬೆಲ್ಲ. ಕೆಳಗೆ ಒಂದು ಸಾಲು: "ನಾಲ್ಕನೇ ಕೋಣೆ. ಇನ್ನೂ ಬಾಗಿಲು ಮುಚ್ಚಿಲ್ಲ."

ಗೂಡು ಒಂದು ಚಿನ್ನದ ಬಣ್ಣದ ಚೌಕಟ್ಟಿನ ಎಡ ಮೂಲೆಯಲ್ಲಿತ್ತು. ಮೂಲೆಯಲ್ಲಿ ಕೂದಲೆಳೆಯಷ್ಟು ಸಂದು. ಜಗತ್ತಿನಲ್ಲಿ ಬೇರೆ ಯಾರಿಗೆ ಕಾಣದಿದ್ದರೂ ಅದನ್ನು ಮುಚ್ಚಿದವಳಿಗೆ ಕಾಣುತ್ತದೆ.

"ಇದು ನಮ್ಮ ಮನೆ," ಎಂದಳು ರಂಜಿತ.

"ಬೆಳಿಗ್ಗೆ ನಾನು ಎಣಿಸಿದಾಗ ಮೂರೇ ಇತ್ತು. ನಾವು ಹೊರಟ ಮೇಲೆ ಹುಳ ಇನ್ನೊಂದು ಕಟ್ಟಿದೆ. ಆಮೇಲೆ ಯಾರೋ ಫೋಟೋ ತೆಗೆದಿದ್ದಾರೆ. ಕೆಳಗಿಂದ ಅಲ್ಲ, ಗೂಡಿನ ಎದುರಿಗೇ ನಿಂತು."

"ಅಪ್ಪನಿಗೆ ಸ್ಟೂಲ್ ಹತ್ತೋಕಾಗಲ್ಲ," ಎಂದಳು ರಂಜಿತ ನಿಧಾನವಾಗಿ.

ಭಾಗ್ಯಲಕ್ಷ್ಮಿ ನಾಗೇಶನಿಗೆ ಫೋನ್ ಮಾಡಿ ಸ್ಪೀಕರ್ ಒತ್ತಿದಳು.

"ಏನಣ್ಣ, ಊಟ ಆಯ್ತಾ?"

"ಆಯ್ತಾ ಅದೆ ಕಣಮ್ಮ."

"ಒಬ್ರೇ ಇದ್ದೀರಾ?"

"ಇನ್ಯಾರವ್ರೆ? ನಾನೊಬ್ನೇಯ."

"ಏನು ಊಟ?"

"ಉಪ್ಸಾರು, ಮುದ್ದೆ," ಎಂದ ನಾಗೇಶ್. ಫೋನ್ ಇಟ್ಟುಬಿಟ್ಟ.

"ಅಪ್ಪನಿಗೆ ನೀರು ಕಾಯಿಸೋಕೂ ಬರಲ್ಲ," ಎಂದಳು ರಂಜಿತ.

ಇಬ್ಬರೂ ಪರದೆ ನೋಡಿದರು. ಗೂಡಿನ ಫೋಟೋ ಕೆಳಗೆ, ಅದು ಬಂದ ಎರಡೇ ನಿಮಿಷಕ್ಕೆ ಹಳೇ ಕಾಗೆ ಬರೆದಿತ್ತು. "ಸರಿ ಇದೆ. ಸ್ಟೂಲಿಂದ ನಿಧಾನ ಇಳಿ."

ಅದರ ಕೆಳಗೆ ಅವಳು: "ಇಳಿದೆ. ಮಗಳು ಸಂಜೆ ಬರೋದ್ರೊಳಗೆ ಹೊರಡ್ತೀನಿ. ಇನ್ನೊಂದು ಬಾಕಿ ಇದೆ."

ರಂಜಿತ ಅದನ್ನು ಎರಡು ಸಲ ಓದಿದಳು. ಮೂರನೇ ಸಲಕ್ಕೆ ಅವಳ ಭುಜ ಅಲುಗತೊಡಗಿತು. ಅಳುತ್ತಿದ್ದಾಳೆ ಎಂದುಕೊಂಡು ಭಾಗ್ಯಲಕ್ಷ್ಮಿ ಕೈ ಚಾಚಿದಳು. ಅಳು ಅಲ್ಲ, ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು.

"ಅಪ್ಪ," ಎಂದಳು ಉಸಿರು ಸಿಕ್ಕಿದಾಗ. "ಮೂವತ್ತು ವರ್ಷ ಕಂಬದ ಮೇಲೆ ಕೂತು ಇದನ್ನೇ ಮಾಡ್ತಿದ್ರಾ? ಹಕ್ಕಿ ನೋಡೋದು? ಒಂದೇ ಮನೇಲಿ ಕೂತು, ಅಮ್ಮ ಅಡುಗೆಮನೇಲಿ, ಇವರು ನಡುಮನೇಲಿ, ಮೊಬೈಲಲ್ಲಿ ಮಾತಾಡ್ಕೊಂಡು... ನಾನು ಇವರಿಬ್ರೂ ಮಾತೇ ಆಡಲ್ಲ ಅಂತ ಯತೀಶ್ ಹತ್ರ ದಿನಾ ಹೇಳ್ತಿದ್ದೆ."

ಯತೀಶ್ ಅವಳ ಗಂಡ. ಅವನಿಗೂ ಇವತ್ತು ರಾತ್ರಿ ಹೇಳಲು ಬಹಳ ಇತ್ತು.

ಭಾಗ್ಯಲಕ್ಷ್ಮಿ ಕಾರಿನ ಕೀಲಿ ತೆಗೆದಳು. ಎರಡು ಗಂಟೆಯ ದಾರಿ. ಹೋಗುವಷ್ಟರಲ್ಲಿ ಆಕೆ ಇರುವುದಿಲ್ಲ.

"ಬೇಡ ಭಾಗ್ಯಕ್ಕ," ಎಂದಳು ರಂಜಿತ. "ಹಿಡಿಯೋದು ಬೇಡ. ಫೋನ್ ಇತ್ತ ಕೊಡಿ."

ಅವಳು ಅಲ್ಲೇ ಕೂತು "ಸುತ್ತಮುತ್ತ"ದಲ್ಲಿ ಹೊಸ ಖಾತೆ ತೆರೆದಳು. ಹೆಸರು ಕೇಳಿತು. ಸ್ವಲ್ಪ ಯೋಚಿಸಿ, "ನಾಲ್ಕನೇ ಕೋಣೆ" ಎಂದು ಬರೆದಳು. ಆಮೇಲೆ ಗೂಡಿನ ಫೋಟೋದ ಕೆಳಗೆ ಎರಡೇ ಪದ: "ನನಗೂ ತೋರಿಸು."

ಒಂದು ನಿಮಿಷ ಏನೂ ಬರಲಿಲ್ಲ. ಎರಡು ನಿಮಿಷ. ಕೊಪ್ಪರಿಗೆಯಲ್ಲಿ ಪಾಕ ಕೊತಕೊತ ಎನ್ನುತ್ತಿತ್ತು. ದೇವಿರ‍ಮ್ಮ ಕೆಲಸ ಬಿಟ್ಟು ಬಂದು ಇವರ ಬೆನ್ನ ಹಿಂದೆ ನಿಂತಿದ್ದಳು.

ಉತ್ತರ ಬಂತು. "ಐದನೇ ನಂಬರು ತೆರೆದಿದ್ದೀನಿ. ನಿನಗೆ ಅಂತಲೇ ಡಬ್ಬದಲ್ಲಿ ಇಟ್ಟಿದ್ದೆ. ನೋಡು."

ರಂಜಿತ ಚೀಟಿ ಬಿಡಿಸಿ ಐದನೇ ನಂಬರು ಒತ್ತಿದಳು.

ಈ ಸಲ ತೆರೆದುಕೊಂಡಿತು. ಹಳೆಯ ಕಾಗದದ ಫೋಟೋವನ್ನು ಮೊಬೈಲಿನಲ್ಲಿ ಮತ್ತೆ ತೆಗೆದದ್ದು. ಎರಡು ಬಿಳಿ ಗೆರೆಯ ಅದೇ ಬಂಡೆ. ಅದರ ಮೇಲೆ ತುಂಬು ಬಸುರಿಯೊಬ್ಬಳು ಸೀರೆ ಮೊಣಕಾಲಿಗೆ ಎತ್ತಿ, ನೀರಿನಲ್ಲಿ ಕಾಲಿಟ್ಟು, ಬಾಯಿ ತುಂಬ ನಗುತ್ತ ನಿಂತಿದ್ದಳು. ಅವಳ ಹಿಂದೆ ಹೊಳೆಯಲ್ಲಿ ಮೂರು ದುಂಡು ತಲೆ. ನೀರುನಾಯಿ. ದಿನಾಂಕ, ರಂಜಿತ ಹುಟ್ಟುವುದಕ್ಕೆ ಐದು ದಿನ ಮುಂಚಿನದು.

"ಅಮ್ಮ ಹೀಗೆ ನಗ್ತಿದ್ರಾ?" ಎಂದಳು ರಂಜಿತ.

ಭಾಗ್ಯಲಕ್ಷ್ಮಿಗೆ ಆ ನಗು ಗೊತ್ತಿತ್ತು.

ಫೋಟೋದ ಕೆಳಗಿನ ಅಂಚಿನಲ್ಲಿ, ಬಂಡೆಯ ಮೇಲೆ, ತೆಗೆದವರ ನೆರಳು ಬಿದ್ದಿತ್ತು. ಒಂದು ಉದ್ದ ಜಡೆ. ಕ್ಯಾಮೆರಾ ಎತ್ತುವಾಗ ಬಲ ಭುಜಕ್ಕಿಂತ ಮೇಲಕ್ಕೆ ಹೋಗುವ ಎಡ ಭುಜ. ಗಂಡ ಬದುಕಿದ್ದಷ್ಟು ದಿನ ಅದನ್ನು ಅಣಕಿಸುತ್ತಿದ್ದ.

ಕೆಳಗಿನ ಬರಹವನ್ನು ರಂಜಿತ ಗಟ್ಟಿಯಾಗಿ ಓದತೊಡಗಿದಳು. "ನಿನ್ನನ್ನು ಹೊತ್ತಾಗ ನೋಡಿದ್ದು. ಬಾಕಿ ಇರೋ ಇನ್ನೊಂದು ನಿನಗೆ ತೋರಿಸೋದೇ, ಶುಕ್ರವಾರ ನಸುಕಿಗೆ ಇದೇ ಬಂಡೆಗೆ ಬಾ. ಬಳೆ ಅಲ್ಲೇ ತೊಡಿಸ್ತೀನಿ, ಒಂಬತ್ತಕ್ಕೆ ಹಸೆಗೆ ಮುಟ್ಟಿಸೋದು ಅಪ್ಪನ ಜವಾಬ್ದಾರಿ."

ಅವಳು ನಿಲ್ಲಿಸಿದಳು. ಇನ್ನೊಂದು ಸಾಲು ಇತ್ತು. ಅದನ್ನು ಮನಸ್ಸಿನಲ್ಲೇ ಓದಿಕೊಂಡು, ಪರದೆಯಿಂದ ಕಣ್ಣೆತ್ತಿ ಭಾಗ್ಯಲಕ್ಷ್ಮಿಯ ಮುಖವನ್ನೇ ನೋಡಿದಳು. ಆಮೇಲೆ ಫೋನನ್ನು ಅವಳ ಕಡೆ ತಿರುಗಿಸಿದಳು.

"ಈ ಫೋಟೋ ತೆಗೆದವರನ್ನೂ ಕರೆದುಕೊಂಡು ಬಾ. ಅವರು ನಿನ್ನ ಪಕ್ಕದಲ್ಲೇ ಕೂತಿದ್ದಾರೆ."